11ನೆಯ ಗೀರಿಗೆ ದೀಪ ಹಿಡಿದವರಿಗೆ

ಬಹು ಹಿಂದೆ ಯಾರೋ ಕಲ್ಲಿನ ಮೊನೆಯಿಂದ ಗೀರಿದ ಆ ಮೂಳೆಯ ಮೇಲಿನ ಗೀರುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬ ಲೆಕ್ಕ ಕೊನೆಗೂ ಕೈಗೆ ಹತ್ತಿದೆ. ಪಟ್ಟ ಪಾಡು ಬಲ್ಲವರಿಗೆ ಗೊತ್ತೇ ಇದೆ. ಇದು ಋಣದ ಮಾತು.

ವಸ್ತುವನ್ನು ನಂಬಿ ಕೊಟ್ಟವರು, ಫೋಟೊ ತೆಗೆದವರು, ನಕ್ಷೆ ಬರೆದವರು, ಎಲ್ಲರಿಗೂ ನಮಸ್ಕಾರ. ಗೀರುಗಳ ಅಚ್ಚು ತೆಗೆಯಲು ಸಿಲಿಕೋನ್ ಹಚ್ಚುವ ಮೊದಲೇ ಗೀರಿನೊಳಗೆ ಕೂತಿದ್ದ ಹಳೆಯ ವಾರ್ನಿಷ್ ಗುರುತಿಸಿದವರಿಗೆ ಇನ್ನೊಂದು ನಮಸ್ಕಾರ. ಅದು ಹಾಗೇ ಉಳಿದಿದ್ದರೆ ಅಚ್ಚಿನಲ್ಲಿ ಮೂಡುತ್ತಿದ್ದುದು ವಾರ್ನಿಷ್‌ನ ಮೈ, ಗೀರಿನ ತಳವಲ್ಲ.

ಇನ್ನು ಮೈಕ್ರೋಸ್ಕೋಪ್ ನೋಡಿಕೊಳ್ಳುವ ನಮ್ಮ ಮೇಡಂ.

ಎರಡು ಗೀರು ಒಂದನ್ನೊಂದು ಹಾಯುವಲ್ಲಿ ನಂತರದ್ದು ಮೊದಲಿನದನ್ನು ಕಡಿದುಕೊಂಡು ಹೋಗುತ್ತದೆ. ಯಾವುದರ ತಳ ತುಂಡಾಗಿಲ್ಲವೋ ಅದೇ ಆಮೇಲಿನದು. ಈ ನಿಯಮವನ್ನೇ ನೆಚ್ಚಿ 11ನೆಯ ತೆಳುಗೀರನ್ನು ಎಲ್ಲಕ್ಕಿಂತ ಮೊದಲು ಇಟ್ಟಿದ್ದೆವು. ವರದಿ ಕಳಿಸುವ ಹಿಂದಿನ ರಾತ್ರಿ ಮೇಡಂ ಕೇಳಿದ್ದು ಒಂದೇ ಮಾತು: "ಇದು ಆಳದ ಗೀರಿನ ತಳ ಮುಟ್ಟುತ್ತದಾ?" ಮುಟ್ಟುವುದಿಲ್ಲ. ಗೀರುವ ಮೊನೆ ಮೇಲೆಮೇಲೇ ಹಾರಿ ಆಚೆ ದಡಕ್ಕೆ ಬೀಳುತ್ತದೆ. ಹಾಗಾಗಿ ಆಮೇಲೆ ಎಳೆದ ಗೀರೂ ಕಡಿದುಹೋದ ಹಳೆಯದರಂತೆ ಕಾಣುತ್ತದೆ. ಕಟ್ಟಿದ ಕ್ರಮವೆಲ್ಲ ಕುಸಿಯಿತು. ಯಾರಿಗೂ ಮಾತು ಬರಲಿಲ್ಲ. ತಪ್ಪನ್ನೇ ಅಚ್ಚಿಗೆ ಕಳಿಸುತ್ತಿದ್ದೆವಲ್ಲ ಎಂದು ಈಗಲೂ ಎದೆ ನಡುಗುತ್ತದೆ.

ಮೇಡಂ ಮನೆಗೆ ಹೋಗಲಿಲ್ಲ. ಬೆಳಕು ಬರುವ ದಿಕ್ಕಿಗೇ ಸಾಗುವ ಗೀರಿಗೆ ನೆರಳು ಬೀಳುವುದಿಲ್ಲ, ಅದು ಕಣ್ಣಿಗೆ ತಪ್ಪುತ್ತದೆ. ಅದಕ್ಕೇ ದೀಪವನ್ನು ತಗ್ಗಿಸಿ, ಪ್ರತಿ ಸಂಧಿಗೂ 8 ದಿಕ್ಕಿನಿಂದ ಹಿಡಿದರು. ಬೆಳಗಿನ ಜಾವ ಆಳದ ಗೀರಿನ ದಡದಲ್ಲಿ ಕೂದಲೆಳೆಯಷ್ಟು ಕಚ್ಚು ಕಂಡಿತು. ತೆಳುಗೀರು ದಡವನ್ನು ಸವರಿ, ಒಳಗೋಡೆಯಲ್ಲಿ ಮೊನೆ ಬಿಟ್ಟುಹೋದ ಉದ್ದಗೆರೆಗಳನ್ನು ಕತ್ತರಿಸಿತ್ತು. ಅಂದರೆ ಅದು ಕೊನೆಯದು.

ಅಷ್ಟಕ್ಕೇ ಒಪ್ಪಲಿಲ್ಲ ಅವರು. ಹೊಸ ಮೂಳೆಯ ಮೇಲೆ ಚಕಮಕಿ ಕಲ್ಲಿನಿಂದ ತಾವೇ ಗೀರಿ, ಕ್ರಮ ಬಚ್ಚಿಟ್ಟು, ನಮ್ಮಿಂದ ಓದಿಸಿದರು. ಹಳೆಯ ಮೂಳೆಗಳ ಗೀರುಗಳನ್ನು ಮೈಕ್ರೋಸ್ಕೋಪಿನಲ್ಲಿ ಪರೀಕ್ಷಿಸಿದ ಸಂಶೋಧಕ ಅಲೆಕ್ಸಾಂಡರ್ ಮಾರ್ಶಾಕ್, ಗೀರಿನ ಆಕಾರ ಬದಲಾದಲ್ಲಿ ಉಪಕರಣವೇ ಬದಲಾಗಿದೆ ಎಂದು ಅರ್ಥ ಮಾಡಿದ್ದರು. ಒಂದೇ ಮೊನೆಯನ್ನು ಕೈಯಲ್ಲಿ ತಿರುಗಿಸಿ ಹಿಡಿದರೂ ಆಕಾರ ಬದಲಾಗುತ್ತದೆ ಎಂಬುದು ಪುರಾತತ್ವಜ್ಞ ಫ್ರಾನ್ಸೆಸ್ಕೊ ದೆರ್ರಿಕೊ ಅವರ ಪ್ರಯೋಗಗಳ ಪಾಠ. ಆ ಪಾಠ ನಮ್ಮ ಕೈಗೆ ಹತ್ತಿದ್ದು ಮೇಡಂ ಗೀರಿಸಿದ ಮೇಲೆಯೇ.

ಯಾವುದನ್ನೂ ಹಾಯದ 4 ಗೀರುಗಳಿಗೆ ನಾವು ಅಂದಾಜಿನ ಸಂಖ್ಯೆ ಹಾಕಿದ್ದೆವು. ಮೇಡಂ ರಬ್ಬರ್ ತೆಗೆದುಕೊಂಡು ನಾಲ್ಕನ್ನೂ ಅಳಿಸಿದರು. ನಕ್ಷೆಯಲ್ಲಿ ಆ ಜಾಗ ಈಗಲೂ ಖಾಲಿಯೇ ಇದೆ.