ನಡುಕದ ಅಂಕಿಯ ಜೊತೆಗೆ ನಮ್ಮ ಗೋಡೆಗಳನ್ನೂ ಅಳೆಸಿರಿ: ಕಲಬುರಗಿ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರೂ ಆಗಿರುವ ತಮ್ಮಲ್ಲಿ ಚಿಂಚೋಳಿ ತಾಲ್ಲೂಕಿನ ನಿವಾಸಿಯಾಗಿ ಭೂಕಂಪ ಮತ್ತು ನಮ್ಮ ಮನೆಗಳ ಗೋಡೆಗಳ ಕುರಿತು ಒಂದು ವಿಷಯವನ್ನು ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

2021ರ ಅಕ್ಟೋಬರ್ 11ರ ರಾತ್ರಿ ನಮ್ಮ ತಾಲ್ಲೂಕಿನ ಗಡಿಕೇಶ್ವಾರ ಭಾಗದಲ್ಲಿ ಭೂಮಿ ನಡುಗಿದಾಗ ದಾಖಲಾದ ಅಂಕಿ 4.1. ಅದನ್ನು ಎಲ್ಲರೂ 'ತೀವ್ರತೆ' ಎಂದೇ ಬರೆದರು. ಗೊಂದಲ ಶುರುವಾಗುವುದು ಈ ಒಂದು ಪದದಿಂದಲೇ. 4.1 ಎನ್ನುವುದು ಭೂಗರ್ಭದಲ್ಲಿ ನಡೆದ ಕಂಪನದ ಪರಿಮಾಣ. ಒಂದು ಕಂಪನಕ್ಕೆ ಅದು ಒಂದೇ. ತೀವ್ರತೆಯೆಂದರೆ ಒಂದೊಂದು ಊರಿನಲ್ಲಿ ನೆಲ ಎಷ್ಟು ಅಲುಗಿತು, ಅಡುಗೆಮನೆಯ ಪಾತ್ರೆ ಬಿದ್ದವೇ, ಗೋಡೆ ಬಿರಿಯಿತೇ ಎಂಬುದನ್ನು ನೋಡಿ 12 ಹಂತಗಳಲ್ಲಿ ಗುರುತಿಸುವ ಲೆಕ್ಕ. ಅದು ಊರಿಂದೂರಿಗೆ, ಕೆಲವೊಮ್ಮೆ ಓಣಿಯಿಂದ ಓಣಿಗೂ ಬದಲಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಮೊದಲನೆಯದು ಸುದ್ದಿಯಾಗುತ್ತದೆ. ಎರಡನೆಯದನ್ನು ಹಳ್ಳಿವಾರು ಬರೆದಿಟ್ಟು ಜನರ ಮುಂದಿಟ್ಟದ್ದನ್ನು ನಾನು ಕಂಡಿಲ್ಲ.

ಪರಿಮಾಣದ ಅಂಕಿ ಒಂದು ಹೆಚ್ಚಿದರೆ ಯಂತ್ರದಲ್ಲಿ ದಾಖಲಾಗುವ ಅಲೆಯ ಎತ್ತರ ಹತ್ತು ಪಟ್ಟಾಗುತ್ತದೆ, ಹೊರಬೀಳುವ ಶಕ್ತಿ ಸುಮಾರು 32 ಪಟ್ಟಾಗುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಆಳಂದದಾಚೆ, ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಸಾವಿರಾರು ಜನರನ್ನು ಬಲಿ ಪಡೆದ ಭೂಕಂಪದ ಪರಿಮಾಣ 6.2. ಗಡಿಕೇಶ್ವಾರದ ಕಂಪನಕ್ಕೆ ಹೋಲಿಸಿದರೆ ಅದರ ಶಕ್ತಿ ಸುಮಾರು 1,400 ಪಟ್ಟು. ಅಂದರೆ ಅಷ್ಟು ಶಕ್ತಿ ಹೊರಹೋಗಲು ಗಡಿಕೇಶ್ವಾರದಂಥ ಸುಮಾರು 1,400 ಕಂಪನಗಳು ಬೇಕು. 'ಸಣ್ಣಸಣ್ಣವು ಆಗಿಹೋದರೆ ದೊಡ್ಡದು ತಪ್ಪುತ್ತದೆ' ಎಂಬ ಸಮಾಧಾನಕ್ಕೆ ಆಧಾರವಿಲ್ಲವೆಂದು ಈ ಲೆಕ್ಕವೇ ತೋರಿಸುತ್ತದೆ. ಸಣ್ಣ ಕಂಪನಗಳ ಸರಣಿ ಬಹುತೇಕ ತಾನಾಗಿಯೇ ತಣ್ಣಗಾಗುತ್ತದೆ ಎಂಬುದೂ ನಿಜ, ಆದ್ದರಿಂದ ಜನರನ್ನು ಹೆದರಿಸುವುದು ನನ್ನ ಉದ್ದೇಶವಲ್ಲ. ಆದರೆ ಕಿಲ್ಲಾರಿಯಲ್ಲೂ ಹಿಂದಿನ ವರ್ಷವೇ ನೆಲ ಅಲುಗಿತ್ತು, ಮತ್ತು ಆ ಪ್ರದೇಶ ಅಂದಿನ ಭೂಕಂಪ ವಲಯಗಳ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು.

ಭೂಕಂಪ ತಾಳುವ ಕಟ್ಟಡಗಳ ವಿನ್ಯಾಸಕ್ಕಾಗಿ ಇರುವ ಭಾರತೀಯ ಮಾನಕ ಐಎಸ್ 1893ರ 2016ರ ಆವೃತ್ತಿಯಲ್ಲಿ ಕಲಬುರಗಿ ಎರಡನೇ ವಲಯದಲ್ಲಿದೆ, ಪಕ್ಕದ ವಿಜಯಪುರ ಮೂರನೆಯದರಲ್ಲಿದೆ. ಇಷ್ಟು ದೊಡ್ಡ ದೇಶದ ನಕ್ಷೆಯಲ್ಲಿ ಎಳೆದ ಗೆರೆಗೆ ನಮ್ಮೂರಿನ ಎರೆಮಣ್ಣು ಎಷ್ಟು ಆಳವೆಂಬುದು ಗೊತ್ತಿರುವುದಿಲ್ಲ. ಗಟ್ಟಿ ಬಂಡೆಯ ಮೇಲಿನ ಮನೆಗಿಂತ ಆಳವಾದ ಮೆತ್ತನೆಯ ಮಣ್ಣಿನ ಮೇಲಿನ ಮನೆ ಅದೇ ಕಂಪನಕ್ಕೆ ಹೆಚ್ಚು ಅಲುಗಬಹುದು. ಬೆಂಗಳೂರಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ಸೂಕ್ಷ್ಮ ವಲಯೀಕರಣ, ಅಂದರೆ ನೆಲದ ಗುಣ ನೋಡಿ ಊರನ್ನು ಸಣ್ಣ ಸಣ್ಣ ವಲಯಗಳಾಗಿ ವಿಂಗಡಿಸುವ ಕೆಲಸ, ಮಾಡಿದ್ದಾರೆ. ನಡುಕವನ್ನು ಕಂಡುಂಡ ನಮ್ಮ ಹಳ್ಳಿಗಳಿಗೂ ಅದು ಬೇಕು. ಬಾವಿ ತೋಡಿದವರನ್ನು ಕೇಳಿದರೂ ಕಲ್ಲು ಎಷ್ಟು ಅಡಿಗೆ ಸಿಕ್ಕಿತೆಂದು ಹೇಳುತ್ತಾರೆ. ಆರಂಭಕ್ಕೆ ಅಷ್ಟು ಸಾಕು.

ನಮ್ಮ ಹಳೆಯ ಮನೆಗಳ ಗೋಡೆಯನ್ನು ತಾವು ಒಮ್ಮೆ ಹತ್ತಿರದಿಂದ ನೋಡಬೇಕು. ಒಳಗೊಂದು ಸಾಲು ಕಲ್ಲು, ಹೊರಗೊಂದು ಸಾಲು, ನಡುವೆ ಮಣ್ಣು ಮತ್ತು ಕಲ್ಲುಚೂರು. ಎರಡು ಸಾಲನ್ನೂ ಹಿಡಿದಿಡುವಂತೆ ಗೋಡೆಯ ಅಗಲಕ್ಕೂ ಹಾಯುವ ಉದ್ದನೆಯ ಕಲ್ಲು ಎಷ್ಟೋ ಕಡೆ ಇಲ್ಲ. ಮೇಲೆ ಮಣ್ಣಿನ ಮಾಳಿಗೆ, ಮಳೆಗೆ ನೆನೆದಾಗ ಅದರ ಭಾರ ಇನ್ನೂ ಹೆಚ್ಚು. ಹೊರಸಾಲು ಹೊಟ್ಟೆಯಂತೆ ಉಬ್ಬಿದ ಗೋಡೆಯ ಕೆಳಗೇ ಮಕ್ಕಳು ಮಲಗುತ್ತಾರೆ. ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಇಂಥ ಗೋಡೆಗಳೇ.

ಆದ್ದರಿಂದ ತಮ್ಮಲ್ಲಿ ಕೇಳಿಕೊಳ್ಳುವುದಿಷ್ಟೆ. ಪ್ರತಿ ಕಂಪನದ ನಂತರ ಗ್ರಾಮ ಆಡಳಿತ ಅಧಿಕಾರಿಗಳು ಒಂದು ಸರಳ ನಮೂನೆಯಲ್ಲಿ ಹಳ್ಳಿವಾರು ತೀವ್ರತೆಯನ್ನು ದಾಖಲಿಸಿ, ಅದನ್ನು ಪಂಚಾಯಿತಿ ಕಚೇರಿಯಲ್ಲಿ ಪ್ರಕಟಿಸುವಂತೆ ಆದೇಶಿಸಿರಿ. ಉಬ್ಬಿದ ಮತ್ತು ಬಿರಿದ ಗೋಡೆಗಳ ಸಮೀಕ್ಷೆಯನ್ನು ಶಾಲೆ, ಅಂಗನವಾಡಿಗಳಿಂದ ಆರಂಭಿಸಿರಿ. ಬಲಪಡಿಸಲು ನೆರವು ಬೇಕಾದ ಬಡವರ ಮನೆಗಳನ್ನು ಪಟ್ಟಿ ಮಾಡಿರಿ. ಸರ್ಕಾರದ ನೆರವಿನಿಂದ ಕಟ್ಟುವ ಹೊಸ ಮನೆಗಳಿಗೆ ಬಾಗಿಲು, ಕಿಟಕಿಗಳ ಮೇಲ್ಮಟ್ಟದಲ್ಲಿ ಸುತ್ತಲೂ ಕಾಂಕ್ರೀಟ್ ಪಟ್ಟಿ ಹಾಕದಿದ್ದರೆ ಕಂತು ಬಿಡುಗಡೆ ಮಾಡಬೇಡಿರಿ.

ಮುಂದಿನ ಮಳೆಗಾಲಕ್ಕೆ ಮಾಳಿಗೆ ನೆನೆಯುವ ಮುನ್ನ ಗಡಿಕೇಶ್ವಾರ ಮತ್ತು ಅದರ ಅಕ್ಕಪಕ್ಕದ ಹಳ್ಳಿಗಳ ಸಮೀಕ್ಷೆಯನ್ನಾದರೂ ಮುಗಿಸಿಕೊಡಬೇಕೆಂದು ಪ್ರಾರ್ಥಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಚಿಂಚೋಳಿ ತಾಲ್ಲೂಕಿನ ಒಬ್ಬ ನಿವಾಸಿ