ಗ್ರಾಹಕರಿಗೆ ಪತ್ರ: ಇನ್ನು ಮೊದಲು ನೆಲ, ಆಮೇಲೆ ಬೌನ್ಸಿ ಕ್ಯಾಸಲ್

ಸ್ಯಾಫ್ರನ್ ವಾಲ್ಡನ್ ಮತ್ತು ಸುತ್ತಲಿನ ಹಳ್ಳಿಗಳ ನಮ್ಮೆಲ್ಲ ಗ್ರಾಹಕರಿಗೆ ನಮಸ್ಕಾರ.

ಈ ಏಪ್ರಿಲ್‌ನಿಂದ ಬುಕಿಂಗ್ ಕ್ರಮ ಬದಲಾಗುತ್ತಿದೆ. ಇಷ್ಟು ದಿನ ನೀವು ಬೌನ್ಸಿ ಕ್ಯಾಸಲ್ (ಮಕ್ಕಳು ಕುಣಿದಾಡುವ, ಗಾಳಿ ತುಂಬಿದ ಆಟದ ಕೋಟೆ) ಆರಿಸುತ್ತಿದ್ದಿರಿ, ನಾವು ತಂದು ನಿಲ್ಲಿಸುತ್ತಿದ್ದೆವು. ಇನ್ನು ಮುಂದೆ ಅದನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಮೊದಲು ತೀರ್ಮಾನವಾಗಬೇಕು. ಗಾಳಿಗೆ ಹಾರದಂತೆ ಕ್ಯಾಸಲ್ಲನ್ನು ನೆಲಕ್ಕೆ ಗೂಟ ಹೊಡೆದು ಕಟ್ಟುತ್ತೇವೆ. ಗೂಟ ಹೊಡೆಯಲಾಗದ ಕಡೆ ಪೂರ್ತಿ ಭಾರ ಕಟ್ಟಿಯೇ ನಿಲ್ಲಿಸುತ್ತೇವೆ. ಅದಕ್ಕೆ 60 ಪೌಂಡ್ ಹೆಚ್ಚು ಬಾಡಿಗೆ. ಎರಡೂ ಆಗದಿದ್ದರೆ ಬುಕಿಂಗ್ ತೆಗೆದುಕೊಳ್ಳುವುದಿಲ್ಲ.

ಗಾಳಿ ತುಂಬಿದ ಕ್ಯಾಸಲ್ ಹಡಗಿನ ಹಾಯಿ ಇದ್ದ ಹಾಗೆ. 4 ಮೀಟರ್ ಅಗಲ, 3 ಮೀಟರ್ ಎತ್ತರದ ಗೋಡೆಗೆ ಗಂಟೆಗೆ 24 ಮೈಲಿ ವೇಗದ ಗಾಳಿ ಬಡಿದರೆ ಸುಮಾರು 90 ಕೆಜಿ ತೂಕದಷ್ಟು ಬಲವಾಗಿ ತಳ್ಳುತ್ತದೆ. ಆ ಅಳತೆಯ ಕ್ಯಾಸಲ್ ತೂಗುವುದೂ ಹೆಚ್ಚುಕಡಿಮೆ ಅಷ್ಟೇ. ಗಾಳಿಯ ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. 2016ರ ಮಾರ್ಚ್‌ನಲ್ಲಿ, ಇಂಗ್ಲೆಂಡಿನ ನಮ್ಮದೇ ಎಸೆಕ್ಸ್ ಕೌಂಟಿಯ ಹಾರ್ಲೋದಲ್ಲಿ, ಗಾಳಿಗೆ ಕಿತ್ತುಹೋದ ಕ್ಯಾಸಲ್ ಸುಮಾರು 300 ಮೀಟರ್ ಉರುಳಿತು. ಒಳಗಿದ್ದ 7 ವರ್ಷದ ಹುಡುಗಿ ತೀರಿಕೊಂಡಳು. ಈ ಕಸುಬಿನಲ್ಲಿರುವ ಯಾರೂ ಅದನ್ನು ಮರೆಯುವಂತಿಲ್ಲ.

ಗಾಳಿ ತುಂಬಿದ ಆಟದ ಸಾಧನಗಳ ಸುರಕ್ಷತೆಗಾಗಿ ಇರುವ ಬಿಎಸ್ ಇಎನ್ 14960 ಮಾನದಂಡದ ಪ್ರಕಾರ ಕ್ಯಾಸಲ್ಲನ್ನು ಕನಿಷ್ಠ 6 ಕಡೆ ಕಟ್ಟಬೇಕು, ಪ್ರತಿ ಕಟ್ಟೂ 1600 ನ್ಯೂಟನ್ ಎಳೆತ ತಡೆಯಬೇಕು. ಗೂಟ ಕಬ್ಬಿಣದ್ದು: ಉದ್ದ 380 ಮಿಮೀ, ದಪ್ಪ 16 ಮಿಮೀ, ತಲೆ ದುಂಡಗೆ. ತಲೆ ಕ್ಯಾಸಲ್‌ನಿಂದ ಆಚೆಗೆ ವಾಲುವಂತೆ, ನೆಲಮಟ್ಟದವರೆಗೂ ಹೊಡೆಯಬೇಕು. ಅರ್ಧ ಮೇಲೆ ಉಳಿದ ಗೂಟ ಸನ್ನೆಕೋಲಿನಂತೆ ಆಡಿ, ಮಣ್ಣನ್ನು ಸಡಿಲಿಸಿ, ತಾನೇ ಕಿತ್ತು ಬರುತ್ತದೆ.

ನಮ್ಮ ಊರಿನಲ್ಲಿ ತೊಡಕಿರುವುದು ಇಲ್ಲೇ. ಇಲ್ಲಿನ ಸೀಮೆಸುಣ್ಣದ ನೆಲದಲ್ಲಿ ಚಕಮಕಿ ಕಲ್ಲಿನ ಗಟ್ಟಿಗಳು ಹುದುಗಿವೆ. ಗೂಟ ಅದಕ್ಕೆ ತಾಗಿದರೆ ಬಗ್ಗುತ್ತದೆ, ಇಲ್ಲವೇ ಅರ್ಧಕ್ಕೇ ನಿಲ್ಲುತ್ತದೆ. ಜೇಡಿ ಇರುವ ಕಡೆ ಬೇಸಿಗೆಯಲ್ಲಿ ನೆಲ ಬಿರಿದು ಹಿಡಿತ ಹೋಗುತ್ತದೆ. ಹಳೆಯ ಮನೆಗಳ ಹಿತ್ತಿಲಲ್ಲಿ ಹುಲ್ಲಿನಡಿ ಇಟ್ಟಿಗೆ ಹಾಸೋ, ಗ್ಯಾಸ್ ಕೊಳವೆಯೋ ಇರಬಹುದು. ಕೊಳವೆ, ಕೇಬಲ್ ಎಲ್ಲಿ ಹಾದುಹೋಗಿವೆ ಎಂದು ಗೊತ್ತಿಲ್ಲದ ಕಡೆ ಗೂಟ ಹೊಡೆಯುವುದಿಲ್ಲ.

ಇನ್ನು ಕಾಮನ್, ಅಂದರೆ ಊರಿನ ಸಾರ್ವಜನಿಕ ಹುಲ್ಲುಬಯಲು. ಅಲ್ಲಿನ ಹುಲ್ಲಿನ ಚಕ್ರವ್ಯೂಹವನ್ನು 1699ರಲ್ಲಿ ಮತ್ತೆ ಕೆತ್ತಿಸಿದ ದಾಖಲೆಯಿದೆ. ಅದು ಸಂರಕ್ಷಿತ ಸ್ಮಾರಕ. ಕೋಟೆಯ ಅವಶೇಷಗಳದ್ದೂ ಇದೇ ಸ್ಥಾನ. 1979ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಇಂಥ ಜಾಗದಲ್ಲಿ ಅನುಮತಿಯಿಲ್ಲದೆ ನೆಲ ಕೆದಕುವುದು ಅಪರಾಧ. ಹಾಗಾಗಿ ಸ್ಮಾರಕಗಳ ನೆಲದಲ್ಲಿ ನಾವು ಕ್ಯಾಸಲ್ ಹಾಕುವುದಿಲ್ಲ. ಕಾಮನ್‌ನ ಬೇರೆ ಭಾಗವಾದರೂ ಜಾಗದ ಒಡೆತನದವರ ಲಿಖಿತ ಒಪ್ಪಿಗೆ ತೋರಿಸಬೇಕು.

ಗೂಟದ ಬದಲಿಗೆ ಭಾರ ಎಂದರೆ ಎಷ್ಟು ಎಂದು ಹಲವರು ಕೇಳುತ್ತಾರೆ. ಒಂದೊಂದು ಕಟ್ಟಿಗೂ ಕನಿಷ್ಠ 163 ಕೆಜಿ. 1600 ನ್ಯೂಟನ್ ಎಂದರೆ ಅಷ್ಟೇ ತೂಕ. ಆರು ಕಟ್ಟಿಗೆ 978 ಕೆಜಿ. 25 ಕೆಜಿಯ ಮರಳಿನ ಚೀಲ ಕಟ್ಟಿಗೆ ಏಳರಂತೆ 42 ಬೇಕು, ಅಂದರೆ 1050 ಕೆಜಿ. ಕ್ಯಾಸಲ್ ಜೊತೆ ಅಷ್ಟನ್ನೂ ನಮ್ಮ ವ್ಯಾನ್ ಒಂದೇ ಸಲ ಹೊರಲಾರದು. ಹೆಚ್ಚುವರಿ 60 ಪೌಂಡ್ ಆ ಎರಡನೇ ಸುತ್ತಿಗೂ ಹೊರುವವರಿಗೂ ಹೋಗುತ್ತದೆ. ಕೊಂಡಿಯ ಮೇಲೆ ಎರಡು ಚೀಲ ಹೇರಿ ಸುಮ್ಮನಾಗುವುದನ್ನು ಕೆಲವೆಡೆ ನೋಡಿರಬಹುದು. ಅದು ಕಟ್ಟಿದಂತಲ್ಲ, ಕ್ಯಾಸಲ್ ಮೇಲೆದ್ದ ಕೂಡಲೇ ಚೀಲ ಜಾರುತ್ತದೆ. ಏಳೂ ಚೀಲಗಳನ್ನು ಒಂದೇ ಪಟ್ಟಿಯಲ್ಲಿ ಬಿಗಿದು, ಕಲ್ಲುಹಾಸಿನ ಮೇಲಾದರೆ ಅಡಿಗೆ ರಬ್ಬರ್ ಚಾಪೆ ಹಾಸುತ್ತೇವೆ.

ಗಾಳಿಯ ಮಿತಿಯಲ್ಲಿ ರಿಯಾಯಿತಿ ಇಲ್ಲ. ಗಂಟೆಗೆ 24 ಮೈಲಿ, ಅಂದರೆ 38 ಕಿಮೀ. ಇದು ಸರಾಸರಿಯಲ್ಲ, ರಭಸದ ಗಾಳಿಯೂ ಸೇರಿ. ಫೋನಿನ ಹವಾಮಾನ ಆ್ಯಪ್ ನಿಮ್ಮ ಹಿತ್ತಿಲಿನ ಗಾಳಿ ಹೇಳುವುದಿಲ್ಲ. ಎರಡು ಗೋಡೆಗಳ ನಡುವಿನ ಓಣಿಯಲ್ಲಿ ಅದೇ ಗಾಳಿ ಜೋರಾಗುತ್ತದೆ. ಪ್ರತಿ ಕ್ಯಾಸಲ್ ಜೊತೆ ಗಾಳಿವೇಗ ಅಳೆಯುವ ಉಪಕರಣ ಕೊಡುತ್ತೇವೆ. ಎಲೆ ತುಂಬಿದ ಸಣ್ಣ ಮರಗಳು ಓಲಾಡತೊಡಗಿದರೆ ಮಿತಿಯ ಹತ್ತಿರ ಬಂದಿದ್ದೀರಿ ಎಂದೇ ತಿಳಿಯಿರಿ. ಮೊದಲು ಮಕ್ಕಳನ್ನೆಲ್ಲ ಇಳಿಸಿ, ಆಮೇಲೆ ಬ್ಲೋವರ್ (ಗಾಳಿ ತುಂಬುವ ಯಂತ್ರ) ನಿಲ್ಲಿಸಿ, ಗಾಳಿ ಹೊರಹೋಗಲು ಜಿಪ್ ತೆರೆಯಿರಿ. ಈ ಕ್ರಮ ಹಿಂದುಮುಂದಾದರೆ ಕುಸಿಯುವ ಗೋಡೆಯಡಿ ಮಕ್ಕಳು ಸಿಕ್ಕಿಕೊಳ್ಳುತ್ತಾರೆ.

ಬುಕಿಂಗ್ ಮಾಡುವಾಗ ಜಾಗದ ಮೂರು ಫೋಟೊ, ಗೇಟಿನಿಂದ ಹಿತ್ತಿಲಿನವರೆಗಿನ ದಾರಿಯ ಅತಿ ಕಿರಿದಾದ ಕಡೆಯ ಅಳತೆ ಕಳುಹಿಸಿ. 90 ಸೆಂಮೀಗಿಂತ ಕಿರಿದಾಗಿದ್ದರೆ ಸುತ್ತಿದ ಕ್ಯಾಸಲ್ ಟ್ರಾಲಿಯಲ್ಲಿ ಒಳಬರುವುದಿಲ್ಲ, ಮೆಟ್ಟಿಲುಗಳಿದ್ದರೂ ತಿಳಿಸಿ. ಕ್ಯಾಸಲ್ ಸುತ್ತ 2 ಮೀಟರ್ ಖಾಲಿ ಜಾಗ ಇರಲಿ. ಪ್ಲಗ್ 25 ಮೀಟರ್ ಒಳಗೆ ಸಿಗಬೇಕು. ಕೇಬಲ್ ಸುರುಳಿಯನ್ನು ಪೂರ್ತಿ ಬಿಚ್ಚದಿದ್ದರೆ ಅದು ಬಿಸಿಯಾಗುತ್ತದೆ.

ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ದರವೇ, ಭಾರದ ಹಣವನ್ನೂ ಕೇಳುವುದಿಲ್ಲ. ಆದರೆ ಜಾಗದ ಫೋಟೊ ಅವರಿಂದಲೂ ಬೇಕು. ಗಾಳಿಯಿಂದಾಗಿ ನಾವೇ ರದ್ದು ಮಾಡಿದರೆ, ಅದು ಪಾರ್ಟಿಯ ಬೆಳಗ್ಗೆಯೇ ಆಗಿದ್ದರೂ, ಪೂರ್ತಿ ಹಣ ವಾಪಸ್.

ಇಂತಿ,
ನಿಮ್ಮ ಬೌನ್ಸಿ ಕ್ಯಾಸಲ್ ಬಾಡಿಗೆ ತಂಡ