ಸೇತುವೆಯ ಆಚೆ ದಡದವರೆಗೂ ಜೊತೆಗೆ ಬಂದವಳಿಗೆ

ನಾನು ಹಾಕಿದ ಹಂಗೇರಿಯ ಬುಡಾಪೆಸ್ಟ್‌ನ ಫೋಟೊ ನೋಡಿ ತುಂಬಾ ಜನ ಮೆಸೇಜ್ ಮಾಡಿದ್ದೀರಿ. ಮುಖದಲ್ಲಿ ಕಳೆ ಬಂದಿದೆ ಅಂದಿದ್ದೀರಿ, ಕೂದಲು ಚೆನ್ನಾಗಿ ಬರ್ತಿದೆ ಅಂದಿದ್ದೀರಿ. ಒಬ್ಬೊಬ್ಬರಿಗೇ ಉತ್ತರ ಬರೆಯಲು ಕೂತೆ, ಆದರೆ ಹೇಳಬೇಕಾದ್ದು ದೊಡ್ಡದಿತ್ತು. ಹಾಗಾಗಿ ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ. ಕಾಯಿಲೆಯ ವಿಚಾರ ನಿಮಗೆಲ್ಲ ಗೊತ್ತಿರುವುದೇ, ಅದನ್ನು ಮತ್ತೆ ಕೆದಕುವುದಿಲ್ಲ. ಡಾಕ್ಟರು "ಇನ್ನು ಧೈರ್ಯವಾಗಿ ಓಡಾಡಿ" ಅಂದರು. ಹೊಸ ಸುದ್ದಿ ಅಷ್ಟೇ, ನನಗೆ ಅಷ್ಟು ಸಾಕು.

ಅಮ್ಮ, ಅಣ್ಣ, ಅತ್ತಿಗೆ, ನನ್ನ ಕೆಲಸವನ್ನು ತಮ್ಮ ಮೇಲೆ ಹಾಕಿಕೊಂಡ ಆಫೀಸಿನ ಗೆಳೆಯರು, ದಿನಾ ಬೆಳಿಗ್ಗೆ ರಾಗಿ ಗಂಜಿ ಕಳಿಸಿದ ಮೇಲಿನ ಮನೆಯ ಆಂಟಿ, ವಾಟ್ಸಾಪ್ ಗುಂಪಿನಲ್ಲಿ ಕೇಳಿದ ತಕ್ಷಣ ಬಂದು ಪ್ಲೇಟ್‌ಲೆಟ್ ಕೊಟ್ಟುಹೋದ, ನಾನು ಇವತ್ತಿಗೂ ಮುಖ ನೋಡಿರದ ಪುಣ್ಯಾತ್ಮರು: ನಿಮ್ಮೆಲ್ಲರ ಋಣ ನನ್ನ ಮೇಲಿದೆ. ಕೈಮುಗಿಯುತ್ತೇನೆ.

ಈಗ ಅವಳ ವಿಚಾರ.

ಹೆಸರು ಹಾಕಬೇಡ ಅಂದಿದ್ದಾಳೆ, ಹಾಕುವುದಿಲ್ಲ. ಮೈಸೂರಿನ ಹಾಸ್ಟೆಲ್‌ನಲ್ಲಿ ನನ್ನ ಕೋಣೆಯಲ್ಲೇ ಇದ್ದವಳು, ಹಾಸನದವಳು, ಈಗ ಕೆಲಸದ ಮೇಲೆ ಬುಡಾಪೆಸ್ಟ್‌ನಲ್ಲಿದ್ದಾಳೆ. ನನ್ನ ಸುದ್ದಿ ಗೊತ್ತಾದ ಮೇಲೆ ಒಂದು ವರ್ಷದ ರಜೆಯನ್ನೆಲ್ಲ ಒಟ್ಟುಮಾಡಿಕೊಂಡು ಬೆಂಗಳೂರಿಗೆ ಬಂದಳು. ಬರಲೇನು ಅಂತ ಕೇಳಲೂ ಇಲ್ಲ. ವಿಮಾನ ಇಳಿದು ಸೀದಾ ಆಸ್ಪತ್ರೆಗೆ ಬಂದು, "ಅಮ್ಮನಿಗೆ ಬಿ.ಪಿ. ಇದೆ, ರಾತ್ರಿ ನಾನಿರ್ತೀನಿ" ಅಂದಳು.

ಜ್ವರ ಏರಿದ ಆ ರಾತ್ರಿ ಅವಳು ಮಂಚದ ಪಕ್ಕದ ಪ್ಲಾಸ್ಟಿಕ್ ಕುರ್ಚಿ ಬಿಟ್ಟು ಏಳಲಿಲ್ಲ. ನನಗೆ ನಡುಕ, ಹಲ್ಲು ಕಟಕಟ. ಕಣ್ಣು ಮುಚ್ಚಿದರೆ ಮತ್ತೆ ತೆರೆಯುವುದಿಲ್ಲವೇನೋ ಅನ್ನುವ ಭಯ. ಮಾಸ್ಕ್ ಹಾಕಿಕೊಂಡೇ ಒದ್ದೆ ಬಟ್ಟೆ ಹಿಂಡಿ ಹಿಂಡಿ ಹಣೆಗೆ ಹಾಕುತ್ತಾ ಅವಳು ಊರು ತೋರಿಸಲು ಶುರುಮಾಡಿದಳು. "ಈಗ ನಾವು ಡ್ಯಾನ್ಯೂಬ್ ದಡದಲ್ಲಿದ್ದೀವಿ ಕಣೇ. ಹಳದಿ ಟ್ರಾಮ್, ಎರಡನೇ ನಂಬರಿಂದು. ಕಿಟಕಿ ಪಕ್ಕ ನೀನು ಕೂತ್ಕೊ." ಸೇತುವೆಗಳನ್ನು ಉತ್ತರದಿಂದ ಒಂದೊಂದಾಗಿ ಹೆಸರಿಟ್ಟು ಹೇಳಿದಳು: ಮಾರ್ಗರೆಟ್, ಚೈನ್ ಬ್ರಿಜ್, ಎಲಿಜಬೆತ್, ಲಿಬರ್ಟಿ, ಪೆತೊಫಿ. ಚೈನ್ ಬ್ರಿಜ್‌ನ ತುದಿಯ ಕಲ್ಲಿನ ಸಿಂಹಗಳಿಗೆ ನಾಲಿಗೆ ಕೆತ್ತುವುದನ್ನೇ ಶಿಲ್ಪಿ ಮರೆತ ಅಂತ ಊರವರು ಹೇಳುತ್ತಾರಂತೆ. ನಿಜಕ್ಕೂ ನಾಲಿಗೆ ಇದೆ, ಕೆಳಗೆ ನಿಂತವರಿಗೆ ಕಾಣುವುದಿಲ್ಲ ಅಷ್ಟೇ. ಡ್ಯಾನ್ಯೂಬ್ ನದಿಯ ಈಚೆ ದಡ ಪೆಸ್ಟ್, ಆಚೆ ದಡ ಬುಡಾ. ಸೇತುವೆಯ ಅರ್ಧಕ್ಕೆ ಬಂದಾಗ ನಾನು ಸಾಕು ಅಂದೆನಂತೆ. ಅವಳು, "ಅರ್ಧದಲ್ಲಿ ನಿಲ್ಲೋ ಹಾಗಿಲ್ಲ, ಆಚೆ ಬುಡಾ ಇದೆ" ಅಂದಳಂತೆ. ನನಗೆ ನೆನಪಿಲ್ಲ. ಬೆಳಗಿನ ಜಾವ ಜ್ವರ ಇಳಿದದ್ದು ಮಾತ್ರ ನೆನಪಿದೆ.

ಯೂರೋಪಿನಲ್ಲಿ ಊರುಗಳು ಸಾವಿರ ಇದ್ದರೂ ನಾನು ಹೋಗಬೇಕಾದದ್ದು ಅಲ್ಲಿಗೇ ಆಗಿತ್ತು, ಯಾಕೆಂದು ಈಗ ನಿಮಗೂ ಗೊತ್ತಾಯಿತು.

ಹೋದ ಮೇಲೆ ಅವಳು ನನ್ನನ್ನು ರೋಗಿಯಂತೆ ನೋಡಿಕೊಳ್ಳಲಿಲ್ಲ. ಸುಸ್ತಾಯ್ತಾ ಅಂತ ಒಂದು ಸಲವೂ ಕೇಳಲಿಲ್ಲ. ಬದಲಿಗೆ ಎಲ್ಲೆಲ್ಲಿ ಬೆಂಚಿದೆ ಅಂತ ಮೊದಲೇ ಓಡಾಡಿ ನೋಡಿಟ್ಟಿದ್ದಳು. ಸಂಸತ್ ಭವನವನ್ನು ಒಳಹೊಕ್ಕು ಸುತ್ತಿಸುವ ಬದಲು ಮೆಟ್ರೋದಲ್ಲಿ ನದಿಯ ಆಚೆ ಬಾತ್ಯಾನಿ ಚೌಕಕ್ಕೆ ಕರೆದೊಯ್ದು ಎದುರಿಗೆ ಕೂರಿಸಿದಳು. 268 ಮೀಟರ್ ಉದ್ದದ ಆ ಕಟ್ಟಡ ಪೂರ್ತಿಯಾಗಿ ಕಣ್ಣಿಗೆ ಸಿಗಬೇಕಾದರೆ ಮಧ್ಯೆ ನದಿಯೇ ಬೇಕು. ಇಮ್ರೆ ಸ್ಟೈಂಡ್ಲ್ ಅದರ ವಾಸ್ತುಶಿಲ್ಪಿ. ಕೆಲಸ ಪೂರ್ತಿ ಮುಗಿಯುವುದಕ್ಕೆ ಮೊದಲೇ, 1902ರಲ್ಲಿ, ತೀರಿಕೊಂಡರು. ಸಂಜೆ ದೀಪ ಹತ್ತುವವರೆಗೂ ಅಲ್ಲೇ ಕೂತಿದ್ದೆವು. ಕೋಟೆಗುಡ್ಡಕ್ಕೆ ಬಸ್ಸಿನಲ್ಲಿ ಹೋದೆವು, ದೊಡ್ಡ ಮಾರುಕಟ್ಟೆಯಲ್ಲಿ ಪಾಪ್ರಿಕಾ ಪುಡಿ ಕೊಂಡೆವು. ಬಿಸಿನೀರಿನ ಬುಗ್ಗೆಯ ಸ್ನಾನ ನನಗೆ ಇನ್ನೂ ಬೇಡ ಅಂದಿದ್ದರು, ಆದ್ದರಿಂದ ಅವಳೂ ಕಾಲಿಡಲಿಲ್ಲ. ಮನೆಗೆ ಬಂದರೆ ತಿಳಿಸಾರು, ಬಿಸಿ ಅನ್ನ.

ದಡದಲ್ಲಿ ಕಬ್ಬಿಣದ ಬೂಟುಗಳ ಸ್ಮಾರಕವಿದೆ, 60 ಜೊತೆ. 1944–45ರ ಚಳಿಗಾಲದಲ್ಲಿ ನಾಜಿಗಳ ಜೊತೆಗಿದ್ದ ಹಂಗೇರಿಯ ಆರೋ ಕ್ರಾಸ್ ಪಡೆಯವರು ಯಹೂದಿಗಳನ್ನು ಈ ದಡದಲ್ಲಿ ನಿಲ್ಲಿಸಿ, ಬೂಟು ಬಿಚ್ಚಿಸಿ, ಗುಂಡು ಹೊಡೆದು ನದಿಗೆ ಬೀಳಿಸಿದರು. ಅವುಗಳಲ್ಲಿ ಮಕ್ಕಳ ಬೂಟುಗಳೂ ಇವೆ. ಅಂಥ ಒಂದರೊಳಗೆ ಯಾರೋ ಸಣ್ಣ ಕಲ್ಲೊಂದನ್ನು ಇಟ್ಟಿದ್ದರು. ಅಲ್ಲಿ ನಾನು ನನ್ನ ಕಷ್ಟದ ಮಾತು ಎತ್ತಲಿಲ್ಲ. ಎತ್ತುವ ಜಾಗವೂ ಅದಲ್ಲ.

ಆದರೆ ಸೆಮ್ಮೆಲ್‌ವೈಸ್ ಅನ್ನುವ ಡಾಕ್ಟರ ಮನೆಯ ಬಗ್ಗೆ ಹೇಳಲೇಬೇಕು. ಬುಡಾ ಗುಡ್ಡದ ಬುಡದಲ್ಲಿ ಅವರು 1818ರಲ್ಲಿ ಹುಟ್ಟಿದ ಮನೆ ಈಗ ವೈದ್ಯಕೀಯ ಇತಿಹಾಸದ ಮ್ಯೂಸಿಯಂ. ವಿಯೆನ್ನಾದ ಆಸ್ಪತ್ರೆಯಲ್ಲಿ ಬಾಣಂತಿಯರು ಜ್ವರದಿಂದ ಸಾಯುತ್ತಿದ್ದ ಕಾಲ. ಸೂಲಗಿತ್ತಿಯರು ನೋಡಿಕೊಳ್ಳುವ ವಾರ್ಡಿಗಿಂತ ಡಾಕ್ಟರುಗಳ ವಾರ್ಡಿನಲ್ಲೇ ಸಾವು ಹೆಚ್ಚು. ಶವ ಕೊಯ್ದ ಕೈಯಲ್ಲೇ ಡಾಕ್ಟರುಗಳು ಹೆರಿಗೆಗೆ ಬರುತ್ತಿದ್ದಾರೆ ಅನ್ನುವುದನ್ನು ಕಂಡುಕೊಂಡ ಅವರು, 1847ರ ಮೇನಲ್ಲಿ ಎಲ್ಲರೂ ಕ್ಲೋರಿನ್ ನೀರಿನಲ್ಲಿ ಕೈತೊಳೆದೇ ಬರಬೇಕೆಂದು ಕಟ್ಟುನಿಟ್ಟು ಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜುಲೈ ಹೊತ್ತಿಗೆ 2ಕ್ಕೂ ಕೆಳಗೆ ಬಂತು. ಆದರೂ ದೊಡ್ಡ ದೊಡ್ಡ ವೈದ್ಯರು ಒಪ್ಪಲಿಲ್ಲ. 1865ರಲ್ಲಿ, ಇನ್ನೂ 47ರ ವಯಸ್ಸಿನಲ್ಲಿ, ಮಾನಸಿಕ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಅವರ ಸಮಾಧಿ ಇರುವುದೂ ಈಗ ಅದೇ ಮನೆಯಲ್ಲಿ.

ಅಲ್ಲಿ ನಿಂತಾಗ ನನ್ನ ಕೋಣೆಯ ಬಾಗಿಲ ಪಕ್ಕದ ನಲ್ಲಿಯ ಸದ್ದು ನೆನಪಾಯಿತು. ರಾತ್ರಿಪಾಳಿಯ ಸಿಸ್ಟರ್‌ಗಳು ಪ್ರತಿ ಸಲ, ಅವಸರವಿದ್ದಾಗಲೂ, ಮೊಣಕೈವರೆಗೆ ತೊಳೆದುಕೊಂಡೇ ಹತ್ತಿರ ಬರುತ್ತಿದ್ದರು. ನನ್ನ ಗೆಳತಿಯೂ ಅಷ್ಟೇ. ತೊಳೆದು ತೊಳೆದು ಅವಳ ಬೆರಳ ಸಂದಿಯೆಲ್ಲ ಬಿರುಕು ಬಿಟ್ಟು ರಕ್ತ ಜಿನುಗುತ್ತಿತ್ತು. ಆ ಕೈಯನ್ನು ಹಿಡಿದುಕೊಂಡು ನಾನು ಜೋರಾಗಿ ಅತ್ತುಬಿಟ್ಟೆ. "ಸಾಯುತ್ತೇನೆ ಅಂತಲೇ ಅಂದುಕೊಂಡಿದ್ದೆ ಕಣೇ" ಅಂದೆ. ಅಮ್ಮನ ಎದುರಿಗೆ ಹೇಳಲಾಗದೆ, ಡಾಕ್ಟರಿಗೆ ಕೇಳಲಾಗದೆ ನುಂಗಿಕೊಂಡಿದ್ದೆ. ಅವಳು "ನನಗೂ ಹಾಗೇ ಅನ್ನಿಸಿತ್ತು" ಅಂದಳು. ಅಷ್ಟು ತಿಂಗಳು ಒಳಗಿಟ್ಟುಕೊಂಡಿದ್ದಳು, ಒಂದು ದಿನವೂ ಮುಖದಲ್ಲಿ ತೋರಿಸಿರಲಿಲ್ಲ. ಸಿಸ್ಟರ್, ನೀವು ಇದನ್ನು ಓದುತ್ತಿದ್ದರೆ, ಆ ನಲ್ಲಿಯ ಸದ್ದಿಗೂ ನನ್ನ ನಮಸ್ಕಾರ.

ಮರುದಿನ ಚೈನ್ ಬ್ರಿಜ್. 1849ರಲ್ಲಿ ತೆರೆದದ್ದು, 1945ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನ್ಯ ಸ್ಫೋಟಿಸಿದ್ದು, ಸರಿಯಾಗಿ ನೂರು ವರ್ಷಕ್ಕೆ, 1949ರಲ್ಲಿ, ಮತ್ತೆ ಕಟ್ಟಿ ತೆರೆದದ್ದು. ಪೆಸ್ಟ್ ಕಡೆಯ ಸಿಂಹದ ಕೆಳಗೆ ನಿಂತು ಕತ್ತೆತ್ತಿ ನೋಡಿದೆ, ನಾಲಿಗೆ ಕಾಣಲಿಲ್ಲ. ಸುಮಾರು 375 ಮೀಟರ್, ನಿಮಗೆಲ್ಲ ಐದು ನಿಮಿಷದ ದಾರಿ. ನಾನು ನಿಂತೆ, ಕಂಬಿ ಹಿಡಿದೆ, ಉಸಿರು ತೆಗೆದುಕೊಂಡೆ, ಮತ್ತೆ ನಡೆದೆ. ನಾನು ನಿಂತಾಗಲೆಲ್ಲ ಅವಳು ಬೂಟಿನ ದಾರ ಕಟ್ಟುವ ನೆಪ, ಫೋಟೊ ತೆಗೆಯುವ ನೆಪ, ಕೆಳಗೆ ಹೋಗುವ ದೋಣಿ ತೋರಿಸುವ ನೆಪ ಮಾಡಿ ನಿಂತಳು. ಬುಡಾ ಕಡೆಗೆ ಕಾಲಿಟ್ಟಾಗ ಇಬ್ಬರೂ ಸುಮ್ಮನೆ ಅಪ್ಪಿಕೊಂಡೆವು. ನೀವು ನೋಡಿದ ಫೋಟೊ ಆಮೇಲಿನದು.

ಬಾಲಾತೋನ್ ಸರೋವರದ ಫ್ಯೂರೆದ್ ಊರಿಗೂ ರೈಲಿನಲ್ಲಿ ಕರೆದೊಯ್ದಳು. 1926ರಲ್ಲಿ ರವೀಂದ್ರನಾಥ ಟ್ಯಾಗೋರರು ಹೃದಯದ ಚಿಕಿತ್ಸೆಗೆ ಅಲ್ಲಿದ್ದರು, ಗುಣವಾದ ಕೃತಜ್ಞತೆಗೆ ಒಂದು ಲಿಂಡೆನ್ ಸಸಿ ನೆಟ್ಟರು. ದಡದ ಸಾಲುಮರದ ದಾರಿಗೆ ಅವರದೇ ಹೆಸರಿದೆ. ನನಗೂ ಹಾಗೆ ಏನಾದರೂ ಮಾಡಬೇಕೆನಿಸಿದ್ದು ಅಲ್ಲೇ. ಸದ್ಯಕ್ಕೆ ಪ್ಲೇಟ್‌ಲೆಟ್ ಬೇಕಾದವರಿಗೆ ದಾನಿಗಳನ್ನು ಹುಡುಕಿಕೊಡುವ ಗುಂಪಿಗೆ ಸೇರಿದ್ದೇನೆ, ಫೋನ್ ಮಾಡುವ ಕೆಲಸ ನನ್ನದು. ಕೊಡಲು ಮನಸ್ಸಿರುವವರು ನನಗೆ ಮೆಸೇಜ್ ಹಾಕಿ.

ಮತ್ತೆ ನೀನು, ಹೆಸರು ಬೇಡ ಅಂದವಳೇ, ನಿನಗೆ ಥ್ಯಾಂಕ್ಸ್ ಅಂದರೆ ಬೈಯುತ್ತೀಯ, ಗೊತ್ತು. ಬೈದರೂ ಹೇಳುತ್ತೇನೆ. ಡಿಸೆಂಬರಿನಲ್ಲಿ ಹಾಸನಕ್ಕೆ ಹೋಗುವ ಮೊದಲು ನಮ್ಮ ಮನೆಯಲ್ಲಿ ಒಂದು ವಾರ ಇರಬೇಕು ಅಂತ ಅಮ್ಮ ಕಟ್ಟಪ್ಪಣೆ ಮಾಡಿದ್ದಾಳೆ. ಅವರೆಕಾಯಿ ಕಾಲ. ಟಿಕೆಟ್ ಬುಕ್ ಮಾಡಿದ ತಕ್ಷಣ ತಾರೀಖು ಹೇಳು, ಏರ್‌ಪೋರ್ಟಿಗೆ ಈ ಸಲ ನಾನೇ ಬರುತ್ತೇನೆ.